ಕುಂಡಲಿಯ ಕೆಳಗೆ ಆರ್ಯಭಟನ ರುಜು ಬೇಡ

ಜಾತಕದ ಮಾತು ಬಂದಾಗಲೆಲ್ಲ ನಮ್ಮವರಲ್ಲಿ ಒಂದು ವಾದ ತಪ್ಪದೆ ಹೊರಡುತ್ತದೆ. ಜ್ಯೋತಿಷವು ಆರು ವೇದಾಂಗಗಳಲ್ಲಿ ಒಂದು. ಆರ್ಯಭಟ, ವರಾಹಮಿಹಿರ, ಭಾಸ್ಕರಾಚಾರ್ಯರಂಥ ಘನ ವಿದ್ವಾಂಸರು ಬೆಳೆಸಿದ ವಿದ್ಯೆ. ಗ್ರಹಣದ ಹೊತ್ತನ್ನು ನಿಮಿಷ ತಪ್ಪದೆ ಹೇಳುವ ಶಾಸ್ತ್ರ ಮನುಷ್ಯನ ಭವಿಷ್ಯವನ್ನು ಹೇಳಲಾರದೇ? ಸುತ್ತ ಕುಳಿತವರು ತಲೆದೂಗುತ್ತಾರೆ. ಮುಂದಿನ ಮಾತು ಯಾರದೋ ಮಗಳ ಕುಜದೋಷಕ್ಕೆ ಹೊರಳುತ್ತದೆ.

ಊರು ಬಿಟ್ಟು ಬಂದ ನಮಗೆ ಇದು ಬರಿಯ ಹರಟೆಯ ವಿಷಯವಲ್ಲ. ಇಲ್ಲಿ ಕನ್ನಡದ ಮನೆಗಳೇ ಕಡಿಮೆ. ಅವುಗಳಲ್ಲಿ ಒಗ್ಗುವ ಸಂಬಂಧ ಇನ್ನೂ ಕಡಿಮೆ. ಹೀಗಿದ್ದೂ ಸಂಘದ ವಧೂವರರ ನೋಂದಣಿ ಅರ್ಜಿಯಲ್ಲಿ ನಕ್ಷತ್ರ, ಪಾದ, ಕುಜದೋಷ ಉಂಟೇ ಇಲ್ಲವೇ ಎಂಬ ಅಂಕಣಗಳಿವೆ. ಅವನ್ನು ಖಾಲಿ ಬಿಟ್ಟರೆ ಅರ್ಜಿ ತಿರುಗಿ ಬರುತ್ತದೆ. ಆ ಅರ್ಜಿಗಳನ್ನು ಜೋಡಿಸಿಡುವ ಕೆಲಸ ಎರಡು ವರ್ಷ ನನ್ನ ಪಾಲಿಗೆ ಬಂದಿತ್ತು. (ಗುಮಾಸ್ತನಿಗೆ ಭಾನುವಾರವೂ ಗುಮಾಸ್ತಿಕೆಯೇ.) ಓದಿ ನೌಕರಿಯಲ್ಲಿರುವ ಹುಡುಗಿಯರ ಅರ್ಜಿಗಳನ್ನು, ಭಾವಚಿತ್ರದ ಕಡೆಗೂ ಕಣ್ಣು ಹಾಯಿಸದೆ, 'ಮೂಲಾ ನಕ್ಷತ್ರ, ಮಾವನಿಗೆ ಆಗದು' ಎಂದು ಬದಿಗಿಟ್ಟದ್ದನ್ನು ಕಂಡಿದ್ದೇನೆ. ಇಟ್ಟವರು ಕೆಟ್ಟವರಲ್ಲ. ತಾವು ಮಾಡುತ್ತಿರುವುದು ಶಾಸ್ತ್ರಸಮ್ಮತ, ಅಷ್ಟೇಕೆ ವಿಜ್ಞಾನಸಮ್ಮತ ಎಂದು ಅವರು ನಿಜವಾಗಿಯೂ ನಂಬಿದ್ದರು. ಆ ನಂಬಿಕೆಗೆ ಆಧಾರವಾದ ಮೇಲಿನ ವಾದವನ್ನೇ ಈಗ ಸ್ವಲ್ಪ ಬಿಚ್ಚಿ ನೋಡೋಣ.

ದೋಷವಿರುವುದು 'ಜ್ಯೋತಿಷ' ಎಂಬ ಒಂದೇ ಚೀಲದಲ್ಲಿ ಎರಡು ಬೇರೆ ಸರಕುಗಳನ್ನು ತುಂಬಿ, ಒಂದರ ತೂಕ ತೋರಿಸಿ ಇನ್ನೊಂದಕ್ಕೆ ಬೆಲೆ ಕೇಳುವುದರಲ್ಲಿ. ವೇದಾಂಗವೆಂದು ಹೆಸರಾದ ಜ್ಯೋತಿಷ ಯಾವುದು? ಲಗಧನ ಹೆಸರಿನಲ್ಲಿ ಉಳಿದುಬಂದಿರುವ ಒಂದು ಚಿಕ್ಕ ಗ್ರಂಥ. ಯಜ್ಞಗಳಿಗೆ ಕಾಲವನ್ನು ಗೊತ್ತುಮಾಡುವುದು ಅದರ ಉದ್ದೇಶ. 5 ವರ್ಷಗಳ ಯುಗ, 366 ದಿನಗಳ ವರ್ಷ, ಯುಗಕ್ಕೆ ಎರಡು ಅಧಿಕಮಾಸ, 27 ನಕ್ಷತ್ರಗಳ ನಡುವೆ ಸೂರ್ಯಚಂದ್ರರ ಸ್ಥಾನ: ಅದರಲ್ಲಿರುವುದು ಇಂಥ ಲೆಕ್ಕಗಳು. ಹನ್ನೆರಡು ಮನೆಗಳ ಕುಂಡಲಿ ಅಲ್ಲಿಲ್ಲ. ಕುಜನ ಚಲನೆಯ ಲೆಕ್ಕವೇ ಅಲ್ಲಿಲ್ಲ. ಇನ್ನು ಅವನ ದೋಷವೆಲ್ಲಿಂದ ಬರಬೇಕು?

ಜಾತಕದ ಭಾಗ ಬಹಳ ಕಾಲದ ಮೇಲೆ ಯವನರಿಂದ, ಎಂದರೆ ಗ್ರೀಕರಿಂದ, ಬಂದು ಸೇರಿತು. 'ಹೋರಾ' ಎಂಬುದು ಗ್ರೀಕ್ ಮಾತು. 'ಕೇಂದ್ರ'ವೂ ಅಲ್ಲಿಯದೇ. ಕುಂಡಲಿಯಲ್ಲಿ ಮದುವೆಯನ್ನು ಸೂಚಿಸುವ ಏಳನೆಯ ಮನೆಗೆ 'ಜಾಮಿತ್ರ' ಎಂದು ಹೆಸರು. ಅದು ವ್ಯಾಸವನ್ನು ಹೇಳುವ ಗ್ರೀಕ್ ಶಬ್ದದ ಸಂಸ್ಕೃತ ರೂಪ. ನಮ್ಮ ಹುಡುಗಿಯರ ಸಂಬಂಧ ಮುರಿಯುವ ಮನೆಯ ಬಾಗಿಲಿಗೇ ಪರದೇಶದ ಹೆಸರಿನ ಹಲಗೆ! ಹೊರಗಿನಿಂದ ಕಲಿಯುವುದು ಅವಮಾನವೇನಲ್ಲ. ವರಾಹಮಿಹಿರನೇ ಈ ವಿದ್ಯೆಯಲ್ಲಿ ಯವನರಿಗೆ ಋಷಿಗಳಿಗೆ ಸಲ್ಲುವ ಮನ್ನಣೆ ಕೊಟ್ಟಿದ್ದಾನೆ. ಆದರೆ ಕಲಿತದ್ದನ್ನು 'ವೇದಕಾಲದಿಂದ ಬಂದದ್ದು' ಎಂದು ಕಡತದಲ್ಲಿ ಹಿಂದಿನ ತಾರೀಖು ಹಾಕಿ ಸೇರಿಸುವುದಕ್ಕೆ ನಮ್ಮ ಕಚೇರಿಗಳಲ್ಲಿ ಬೇರೆಯೇ ಹೆಸರಿದೆ.

6ನೆಯ ಶತಮಾನದ ಆ ವರಾಹಮಿಹಿರ ಜ್ಯೋತಿಷಕ್ಕೆ ಮೂರು ಸ್ಕಂಧಗಳನ್ನು ಹೇಳುತ್ತಾನೆ: ಗಣಿತ, ಹೋರಾ, ಸಂಹಿತಾ. ಗಣಿತವು ಗ್ರಹಗತಿಯ ಲೆಕ್ಕ. ಹೋರಾ ಎಂದರೆ ಜಾತಕ. ಸಂಹಿತೆಯಲ್ಲಿ ಮಳೆ, ಉತ್ಪಾತ, ಶಕುನ ಎಲ್ಲವೂ. ಅವನು ಮೂರರಲ್ಲೂ ಬರೆದ. ಆರ್ಯಭಟನೋ, 499ರ ಕಾಲಮಾನವನ್ನು ಹಿಡಿದು ಬರೆದ ತನ್ನ ಗ್ರಂಥದಲ್ಲಿ ಗೀತಿಕಾ, ಗಣಿತ, ಕಾಲಕ್ರಿಯಾ, ಗೋಲ ಎಂದು ನಾಲ್ಕು ಪಾದಗಳನ್ನಿಟ್ಟ. ಜಾತಕಕ್ಕೆ ಒಂದು ಪಾದವನ್ನೂ ಕೊಡಲಿಲ್ಲ. 1150ರ ಸಿದ್ಧಾಂತ ಶಿರೋಮಣಿಯಲ್ಲಿ ಭಾಸ್ಕರಾಚಾರ್ಯ ಮಾಡಿದ ನಾಲ್ಕು ಭಾಗಗಳೂ ಗಣಿತ ಮತ್ತು ಗೋಲದವೇ. ಈ ಹಿರಿಯರಿಗೆ ಫಲಭಾಗದಲ್ಲಿ ನಂಬಿಕೆಯೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನಾನೂ ಅವರ ಹೆಸರಿನಲ್ಲಿ ಸುಳ್ಳು ರುಜು ಹಾಕಿದಂತೆ. ಫಲ ಹೇಳುವುದಕ್ಕೆ ಗಣಿತ ಬೇಕೆಂದು ಅವರೂ ಒಪ್ಪಿದ್ದರು. ಕನ್ನಡದಲ್ಲೂ 11ನೆಯ ಶತಮಾನದಲ್ಲೇ ಶ್ರೀಧರಾಚಾರ್ಯನ 'ಜಾತಕತಿಲಕ' ಹುಟ್ಟಿತು. ಆದರೆ ಒಂದೇ ಮನೆಯಲ್ಲಿದ್ದ ಮಾತ್ರಕ್ಕೆ ಅಣ್ಣನ ಪದವಿಪತ್ರ ತಮ್ಮನಿಗೆ ಸಲ್ಲುವುದಿಲ್ಲ.

ಗ್ರಹಣದ ಉದಾಹರಣೆಯನ್ನೇ ತೆಗೆದುಕೊಳ್ಳಿ. ರಾಹು ನುಂಗುವುದಲ್ಲ, ಚಂದ್ರನು ಭೂಮಿಯ ನೆರಳನ್ನು ಹೊಗುತ್ತಾನೆ ಎಂದು ಆರ್ಯಭಟನೂ ವರಾಹಮಿಹಿರನೂ ಸ್ಪಷ್ಟವಾಗಿ ಬರೆದರು. ನೆರಳಿನ ಲೆಕ್ಕ ತಪ್ಪಿದರೆ ಆ ರಾತ್ರಿಯೇ ಊರಿಗೆಲ್ಲ ಕಾಣುತ್ತದೆ; ಆಗ ಗಣಿತವನ್ನು ತಿದ್ದಬೇಕು, ತಿದ್ದಿದರು. ಧೂಮಕೇತುವಿನ ಕಥೆಯೂ ಹಾಗೆಯೇ. ಶತಮಾನಗಳ ಕಾಲ ಅದು ರಾಜರಿಗೆ ಅರಿಷ್ಟ ತರುವ ಉತ್ಪಾತವಾಗಿತ್ತು. ಹ್ಯಾಲಿ ಎಂಬ ಇಂಗ್ಲಿಷ್ ವಿದ್ವಾಂಸ ಅದು 1758ರಲ್ಲಿ ಮರಳಿ ಬರುವುದೆಂದು ಲೆಕ್ಕ ಹಾಕಿ 1742ರಲ್ಲಿ ತೀರಿಕೊಂಡ. ಅದು 1758ರ ಕೊನೆಯಲ್ಲಿ ಬಂದು ಕಾಣಿಸಿಕೊಂಡಿತು. ಹೀಗೆ ಒಂದೊಂದೇ ವಸ್ತು ಸಂಹಿತೆಯಿಂದ ಎದ್ದು ಗಣಿತಕ್ಕೆ ವರ್ಗವಾಯಿತು. ಟಾಲೆಮಿಯೂ ಎರಡು ವಿದ್ಯೆಗಳಿಗೆ ಎರಡು ಬೇರೆ ಗ್ರಂಥ ಬರೆದಿದ್ದ. ಗ್ರಹಗಳ ದೀರ್ಘವೃತ್ತದ ಪಥವನ್ನು ಕಂಡುಹಿಡಿದ ಕೆಪ್ಲರ್ ಜಾತಕವನ್ನೂ ಬರೆದುಕೊಡುತ್ತಿದ್ದ. ಇಂದು ಕೆಪ್ಲರನ ನಿಯಮಗಳನ್ನು ಹಿಡಿದು ಉಪಗ್ರಹ ಹಾರಿಸುತ್ತೇವೆ. ಅವನು ಬರೆದ ಜಾತಕಗಳನ್ನು ಹಿಡಿದು ಯಾರೂ ಏನೂ ಮಾಡುವುದಿಲ್ಲ.

ರೈಲು ಎಷ್ಟು ಗಂಟೆಗೆ ಬರುವುದೆಂದು ವೇಳಾಪಟ್ಟಿ ಸರಿಯಾಗಿ ಹೇಳುತ್ತದೆ. ಅದರಲ್ಲಿ ಬಂದಿಳಿಯುವ ನೆಂಟರ ಸ್ವಭಾವವನ್ನೂ ಅದೇ ಪಟ್ಟಿಯಲ್ಲಿ ಹುಡುಕುವುದೇ?

ಇನ್ನು 'ಗಣಿತವಾದರೂ ಸರಿಯಿದೆಯಲ್ಲ' ಎನ್ನುವವರಿಗೆ. ನಾವು ಜನವರಿ 14 ಅಥವಾ 15ಕ್ಕೆ ಎಳ್ಳುಬೆಲ್ಲ ಹಂಚಿ ಉತ್ತರಾಯಣ ಎನ್ನುತ್ತೇವೆ. ಸೂರ್ಯ ಉತ್ತರಕ್ಕೆ ತಿರುಗಿ ಮೂರು ವಾರ ಕಳೆದಿರುತ್ತದೆ. ಅವನು ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಭೂಮಿಯ ಅಕ್ಷ ಮೆಲ್ಲನೆ ತಿರುಗುವುದರಿಂದ ಈ ಅಂತರ ಬೆಳೆಯುತ್ತ ಬಂದಿದೆ. ಅಯನಗಳು ಹಿಂದಿನವರು ಹೇಳಿದ ಸ್ಥಾನದಲ್ಲಿಲ್ಲ, ಕಣ್ಣಾರೆ ನೋಡಿ ನಿರ್ಧರಿಸಬೇಕು ಎಂಬ ಅರ್ಥದ ಮಾತನ್ನು ವರಾಹಮಿಹಿರ ಅಂದೇ ಬರೆದಿಟ್ಟ. ಈ ಅಂತರದ ಹೆಸರು ಅಯನಾಂಶ, ಈಗ ಸುಮಾರು 24 ಡಿಗ್ರಿ. 'ಸುಮಾರು' ಎಂದೆ; ಏಕೆಂದರೆ ಜ್ಯೋತಿಷಿಗಳಲ್ಲೇ ಒಮ್ಮತವಿಲ್ಲ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟಿತು. ಭಾರತದ ರಾಜಪತ್ರದ ಮೇಲೆ ಕಾಣುವ ಶಕವರ್ಷದ ತಾರೀಖು ಅದರ ಫಲ. 1957ರ ಮಾರ್ಚ್ 22ರಿಂದ ನಡೆದಿದೆ. ಅದು ಒಪ್ಪಿದ ಅಯನಾಂಶಕ್ಕೂ ಬೆಂಗಳೂರಿನ ಪ್ರಸಿದ್ಧ ಜ್ಯೋತಿಷಿ ಬಿ.ವಿ. ರಾಮನ್ ಬಳಸಿದ ಅಯನಾಂಶಕ್ಕೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ. ಒಂದು ನಕ್ಷತ್ರದ ಹರವು 13 ಡಿಗ್ರಿ 20 ಕಲೆ. ಅಂದರೆ ಸುಮಾರು ಒಂಬತ್ತು ಜನರಲ್ಲಿ ಒಬ್ಬರಿಗೆ, ಪದ್ಧತಿ ಬದಲಾದರೆ, ಜನ್ಮನಕ್ಷತ್ರವೇ ಬದಲಾಗುತ್ತದೆ! ಒಂದು ಪಂಚಾಂಗದಲ್ಲಿ ಮಾವನಿಗೆ ಆಗದ ಮೂಲಾ, ಇನ್ನೊಂದರಲ್ಲಿ ನಿರಪಾಯದ ಪೂರ್ವಾಷಾಢ ಆಗಬಹುದು. ಮಾವನ ಆಯುಸ್ಸು ಯಾವ ಪ್ರಕಾಶಕರ ಕೈಯಲ್ಲಿದೆ?

ಕುಜದೋಷದ ಲೆಕ್ಕವನ್ನೂ ಮಾಡೋಣ; ಕೂಡುವ ಕಳೆಯುವ ಲೆಕ್ಕವಷ್ಟೇ. ಲಗ್ನದಿಂದ 1, 2, 4, 7, 8, 12 ಈ ಮನೆಗಳಲ್ಲಿ ಕುಜನಿದ್ದರೆ ದೋಷ. ಕೆಲವರು ಒಂದನೆಯದನ್ನು ಬಿಡುತ್ತಾರೆ. ಹನ್ನೆರಡರಲ್ಲಿ ಆರು ಮನೆ, ಅಂದರೆ ಹೆಚ್ಚುಕಡಿಮೆ ಅರ್ಧ ಜನ. ಚಂದ್ರನಿಂದಲೂ ಶುಕ್ರನಿಂದಲೂ ಎಣಿಸಬೇಕೆಂದರೆ ದೋಷವಿಲ್ಲದೆ ಪಾರಾಗುವವರು ಸುಮಾರು ಎಂಟರಲ್ಲಿ ಒಬ್ಬರು. ಇಷ್ಟು ಜನರನ್ನು ಮದುವೆಯಿಂದ ದೂರವಿಟ್ಟರೆ ಸಮಾಜ ನಡೆಯುವುದಿಲ್ಲವೆಂದೇ ಅಪವಾದಗಳ, ಶಾಂತಿಗಳ ಉದ್ದ ಪಟ್ಟಿ. ಆ ಅಪವಾದಗಳು ಗಂಡಿನ ಕಡೆಯವರಿಗೆ ಬೇಗ ನೆನಪಾಗುತ್ತವೆ ಎಂಬುದು ನಾನು ಅರ್ಜಿಯ ಕಟ್ಟಿನಲ್ಲಿ ಕಂಡ ಸಂಗತಿ.

ಪರೀಕ್ಷೆ ನಡೆದಿಲ್ಲವೇ? ನಡೆದಿದೆ, ಪುಣೆಯಲ್ಲಿಯೇ. ಜಯಂತ ನಾರಳೀಕರ್, ನರೇಂದ್ರ ದಾಭೋಲ್ಕರ್ ಮತ್ತು ಸಂಗಡಿಗರು ಚುರುಕಾದ 100 ಮಕ್ಕಳ, ಬುದ್ಧಿಮಾಂದ್ಯವುಳ್ಳ 100 ಮಕ್ಕಳ ಜಾತಕಗಳನ್ನು ಕಲೆಹಾಕಿ, ಒಬ್ಬೊಬ್ಬ ಜ್ಯೋತಿಷಿಗೆ 40ರಂತೆ ಕೊಟ್ಟು, ಯಾವುದು ಯಾವ ಗುಂಪಿನದೆಂದು ಕೇಳಿದರು. 27 ಮಂದಿ ಉತ್ತರ ಕಳಿಸಿದರು. ಸರಿಬಂದದ್ದು ನೂರಕ್ಕೆ 46. ಈ ಫಲಿತಾಂಶ 2009ರಲ್ಲಿ ಅಚ್ಚಾಯಿತು. ನಾಣ್ಯ ಚಿಮ್ಮಿದ್ದರೆ 50 ಬರಬೇಕಿತ್ತು.

ಆದರೂ 2001ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು 'ಜ್ಯೋತಿರ್ವಿಜ್ಞಾನ' ಎಂಬ ಹೆಸರಿನಲ್ಲಿ ಫಲಜ್ಯೋತಿಷದ ವಿಭಾಗಗಳನ್ನು ತೆರೆಯಲು ಮುಂದಾಯಿತು. ವಿಜ್ಞಾನಿಗಳು ನ್ಯಾಯಾಲಯಕ್ಕೆ ಹೋದರು. 2004ರಲ್ಲಿ ಸುಪ್ರೀಂ ಕೋರ್ಟ್ ಅವರ ಮನವಿಯನ್ನು ತಳ್ಳಿಹಾಕಿತು. ಸರ್ಕಾರಿ ನೌಕರನಾದ ನಾನು ಇಲ್ಲಿ ಹೆಚ್ಚು ಬರೆಯುವಂತಿಲ್ಲ. 'ವಿಜ್ಞಾನ' ಎಂಬ ಬಾಲವನ್ನು ಅಂಟಿಸಬೇಕಾಗಿ ಬಂದದ್ದನ್ನಷ್ಟೇ ಓದುಗರು ಗಮನಿಸಲಿ.

ಮನೆಯಲ್ಲಿ ಯಾರಾದರೂ ಜಾತಕ ಬರೆಸಿದರೆ, ದೇವರ ಮುಂದೆ ಇಟ್ಟು ಪೂಜಿಸಿದರೆ ನನ್ನ ತಕರಾರಿಲ್ಲ. ಸಂಘದ ಅರ್ಜಿ ಬೇರೆ. ಅದಕ್ಕೆ ಎಲ್ಲರ ಚಂದಾ ಸೇರಿದೆ. ನಕ್ಷತ್ರ, ಪಾದ, ಕುಜದೋಷದ ಅಂಕಣಗಳನ್ನು 'ಇಷ್ಟವಿದ್ದರೆ ತುಂಬಬಹುದು' ಎಂದು ಬದಲಾಯಿಸಬೇಕು, ಖಾಲಿ ಬಿಟ್ಟ ಅರ್ಜಿಯನ್ನು ಹಿಂದಿರುಗಿಸಬಾರದು ಎಂಬ ಸೂಚನೆಯನ್ನು ಬರುವ ವಾರ್ಷಿಕ ಮಹಾಸಭೆಗೆ ಬರೆದು ಕೊಟ್ಟಿದ್ದೇನೆ. ನಿಯಮದಂತೆ ಅನುಮೋದಕರೊಬ್ಬರು ಬೇಕು. ಈವರೆಗೆ ಯಾರೂ ಮುಂದೆ ಬಂದಿಲ್ಲ. ಕಾಗದ ಕಾರ್ಯದರ್ಶಿಗಳ ಮೇಜಿನ ಮೇಲಿದೆ.