ಸ್ಪೀಕರಿನ ಗುಂಯ್‌ಗುಡುವಿಕೆ

ಬನಹಟ್ಟಿಯ ಮನೆಗಳಿಗೆ ವಿದ್ಯುತ್ ಮಗ್ಗದ ಸದ್ದು ಹೊಸದಲ್ಲ. ಅದು ದುಡಿಮೆಯ ಸದ್ದು, ಕಿವಿಗೆ ಒಗ್ಗಿಹೋಗಿದೆ. ಆದರೆ ಮಕ್ಕಳು ಪಾಠ ಕೇಳಲು ಕಂಪ್ಯೂಟರಿನ ಮುಂದೆ ಕುಳಿತಾಗ ಸ್ಪೀಕರಿನಿಂದ ಎಡೆಬಿಡದೆ ಹೊರಡುವ ಗುಂಯ್‌ಕಾರವು ಗುರುಗಳ ಮಾತನ್ನೇ ನುಂಗಿಬಿಡುವುದು. ಇದರ ಮೂಲವನ್ನು ಕ್ರಮವಾಗಿ ಅರಸತಕ್ಕದ್ದು.

ಮೊದಲು ಧ್ವನಿಯ ತಂತಿಯನ್ನು ಸ್ಪೀಕರಿನ ಕಡೆಯಿಂದ ಕಳಚಿರಿ. ಆಗಲೂ ಸದ್ದು ನಿಲ್ಲದಿದ್ದರೆ ದೋಷವು ಸ್ಪೀಕರಿನೊಳಗೆ ಇಲ್ಲವೆ ಅದರ ವಿದ್ಯುತ್ ಪೂರೈಕೆಯಲ್ಲಿದೆ; ನಿಂತರೆ ತಂತಿಯಲ್ಲಿಯೋ ಕಂಪ್ಯೂಟರಿನಲ್ಲಿಯೋ ಇದೆ. ಲ್ಯಾಪ್‌ಟಾಪ್ ಇದ್ದವರು ಚಾರ್ಜರನ್ನು ತೆಗೆದು ಬ್ಯಾಟರಿಯ ಮೇಲೆ ನಡೆಯಿಸಿ ನೋಡಬಹುದು. ಸದ್ದು ಅಡಗಿದರೆ ಅದು ಚಾರ್ಜರಿನ ಹಾದಿಯಿಂದ ಬಂದುದೆಂದು ತಿಳಿಯಬೇಕು.

ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತ ಹರಿಯುವುದು. ಕಂಪ್ಯೂಟರನ್ನೂ ಆಂಪ್ಲಿಫಾಯರನ್ನೂ ಬೇರೆ ಬೇರೆ ಗೋಡೆಯ ಪ್ಲಗ್ಗುಗಳಿಗೆ ಜೋಡಿಸಿದಾಗ ಎರಡರ ಅರ್ಥಿಂಗಿನ ನಡುವೆ ಅಲ್ಪ ವ್ಯತ್ಯಾಸವುಂಟಾಗಿ, ಧ್ವನಿಯ ತಂತಿಯ ಮೂಲಕವೇ ಕಿಂಚಿತ್ ವಿದ್ಯುತ್ತು ಹರಿದು ಗುಂಯ್‌ಗುಡುವುದುಂಟು. ಎರಡನ್ನೂ ಅರ್ಥಿಂಗ್ ಸರಿಯಾಗಿರುವ ಒಂದೇ ಬೋರ್ಡಿಗೆ ಜೋಡಿಸಿದರೆ ಹಲವು ವೇಳೆ ಇದು ಶಮನವಾಗುವುದು. ಆಗದಿದ್ದಲ್ಲಿ ಧ್ವನಿಯ ತಂತಿಯ ನಡುವೆ ಐಸೊಲೇಟರ್ ಎಂಬ ಸಣ್ಣ ಪೆಟ್ಟಿಗೆಯನ್ನು ಇಡಬಹುದು. ಅದರೊಳಗಿನ ಟ್ರಾನ್ಸ್‌ಫಾರ್ಮರು ಧ್ವನಿಯನ್ನು ಮಾತ್ರ ದಾಟಿಸಿ, ಬೇಡದ ಹರಿವನ್ನು ತಡೆಯುವುದು.

ಮೋಟಾರು ಚಾಲೂ ಮಾಡಿದಾಗ ಮಾತ್ರ ಟಪ್ಪೆನ್ನುವ ಸದ್ದು ಬಂದರೆ, ಅದು ವಿದ್ಯುತ್ ತಂತಿಯಿಂದ ಬಂದುದು. ಮಗ್ಗದ ಲೈನು ಮತ್ತು ಮನೆಯ ಲೈನು ಬೇರೆಯಾಗಿರುವಂತೆ ಬಲ್ಲವರಿಂದ ಏರ್ಪಡಿಸಿಕೊಳ್ಳುವುದು ಲೇಸು. ಧ್ವನಿಯ ತಂತಿಯನ್ನು ವಿದ್ಯುತ್ತಿನ ತಂತಿಯ ಜೊತೆಗೆ ಸುತ್ತಿಡಬಾರದು.

ಇಲ್ಲಿ ಒಂದು ಮಾತನ್ನು ವಾಚಕರು ಲಕ್ಷ್ಯವಿಟ್ಟು ಓದಬೇಕು. ಸದ್ದು ನಿಲ್ಲಲೆಂದು ಕೆಲವರು ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿದುಬಿಡುತ್ತಾರೆ. ಇಲ್ಲವೆ ಎರಡು ಪಿನ್ನಿನ ಬೋರ್ಡಿಗೆ ಜೋಡಿಸುತ್ತಾರೆ. ಸದ್ದೇನೋ ನಿಂತೀತು. ಆದರೆ ಆ ದಪ್ಪ ಪಿನ್ನೇ ಅರ್ಥಿಂಗು. ಒಳಗಿನ ತಂತಿ ಸಡಿಲಿ ಲೋಹದ ಪೆಟ್ಟಿಗೆಗೆ ತಾಗಿದಾಗ 230 ವೋಲ್ಟಿನ ಹರಿವನ್ನು ನೆಲಕ್ಕೆ ಒಯ್ದು ಫ್ಯೂಸನ್ನು ಕಡಿಯುವ ಕಾವಲುಗಾರ ಅದು. ಅದಿಲ್ಲದ ಪೆಟ್ಟಿಗೆಯನ್ನು ಮಗುವು ಮುಟ್ಟಿದರೆ ಹರಿವಿಗೆ ಮಗುವಿನ ದೇಹವೇ ದಾರಿಯಾಗುವುದು.

ಪೆಟ್ಟಿಗೆ ಮುಟ್ಟಿದಾಗ ಬೆರಳು ಜುಮ್ಮೆಂದರೆ ಅರ್ಥಿಂಗ್ ಇಲ್ಲವೆಂಬ ಶಂಕೆ ತಾಳಬೇಕು. ಕೂಡಲೆ ಗೋಡೆಯ ಸ್ವಿಚ್ಚನ್ನು ಆರಿಸಿ, ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸದೆ ಮತ್ತೆ ಹಚ್ಚಬಾರದು. ಗುಂಯ್‌ಕಾರವನ್ನು ಒಂದು ದಿನ ಸೈರಿಸಬಹುದು. ಅರ್ಥಿಂಗ್ ಇಲ್ಲದ ಯಂತ್ರವನ್ನು ಒಂದು ಗಳಿಗೆಯೂ ನಂಬಲಾಗದು.