ಕಡೇ ಬಸ್ಸು ಎಷ್ಟಕ್ಕೆ ಅಂತ ಗೊತ್ತಿದ್ರೆ ಸಾಕು

ಶುಕ್ರವಾರ ಸರ್ಕಾರಿ ರಜೆ, ಶನಿವಾರ-ಭಾನುವಾರ ಹೇಗೂ ರಜೆ. ಕ್ಯಾಲೆಂಡರ್‌ನಲ್ಲಿ ಇದು ವರ್ಷದ ಮೊದಲ ದಿನದಿಂದಲೇ ಇತ್ತು. ಆದರೆ ನಮಗೆ ನೆನಪಾಗೋದು ಮಂಗಳವಾರ ಮಧ್ಯಾಹ್ನ, ಆಫೀಸ್ ಗ್ರೂಪ್‌ನಲ್ಲಿ ಯಾರೋ ‘ಏನ್ ಪ್ಲಾನ್?’ ಅಂತ ಹಾಕಿದಾಗ. ಕಾರಿದ್ದವರು ಚಿಕ್ಕಮಗಳೂರು, ಸಕಲೇಶಪುರ ಅಂತಾರೆ. ಕಾರಿಲ್ಲದವರು ಒಂದು ಥಂಬ್ಸ್ ಅಪ್ ಒತ್ತಿ ಸುಮ್ಮನಾಗ್ತಾರೆ. ಈ ವಾರದ ಅಂಕಣ ಹಾಗೆ ಸುಮ್ಮನಾದವರಿಗೆ.

ನಾನು ಬಾಗಲಕೋಟೆ ಕಡೆಯವಳು. ಹಾಗಾಗಿ ನಾನು ಹೇಳೋ ಊರು ಬಾದಾಮಿ. ಊರಿನ ಅಭಿಮಾನ ಇದ್ದೇ ಇದೆ ಬಿಡಿ. ಆದರೆ ಇಲ್ಲಿಗೆ ರೈಲಿದೆ, ಬಸ್ಸಿದೆ, ಊರೊಳಗೆ ಎಲ್ಲವೂ ನಡೆದು ಮುಗಿಸುವಷ್ಟು ಹತ್ತಿರ ಇದೆ. ಕಾರಿಲ್ಲದ ಪ್ರವಾಸಕ್ಕೆ ಇನ್ನೇನು ಬೇಕು?

ಮೊದಲು ವಾಪಸ್ ಟಿಕೆಟ್

ಬೆಂಗಳೂರಿನಿಂದ ಸಂಜೆ ಹತ್ತಿದರೆ ಬೆಳಿಗ್ಗೆ ಬಾದಾಮಿಯಲ್ಲಿ ಇಳಿಸೋದು ಗೋಲ್ ಗುಂಬಜ್ ಎಕ್ಸ್‌ಪ್ರೆಸ್. ಬಸವ ಎಕ್ಸ್‌ಪ್ರೆಸ್ ಕೂಡ ಬಾಗಲಕೋಟೆಗೆ ಹೋಗುತ್ತಲ್ಲ ಅಂತ ಅವಸರದಲ್ಲಿ ಬುಕ್ ಮಾಡಬೇಡಿ. ಅದು ಕಲಬುರಗಿ, ಸೊಲ್ಲಾಪುರ ಸುತ್ತಿಕೊಂಡು ಬರುವ ಗಾಡಿ.

ತತ್ಕಾಲ್ ತೆರೆಯೋದು ಹಿಂದಿನ ದಿನ: ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. 2025ರ ಜುಲೈನಿಂದ ಆ್ಯಪ್‌ನಲ್ಲಿ ತತ್ಕಾಲ್ ಮಾಡಲು ಆಧಾರ್ ದೃಢೀಕರಣ ಆಗಿರಲೇಬೇಕು, ಇವತ್ತೇ ಮಾಡಿಟ್ಟುಕೊಳ್ಳಿ. ಬರುವಾಗಲೂ ತತ್ಕಾಲ್ ನಂಬಿದರೆ ಶನಿವಾರ 11 ಗಂಟೆಗೆ ನೀವು ಗುಡಿ ನೋಡೋದು ಬಿಟ್ಟು ನೆಟ್‌ವರ್ಕ್ ಹುಡುಕ್ತಾ ನಿಂತಿರ್ತೀರಿ. ಅದಕ್ಕೇ ಭಾನುವಾರ ರಾತ್ರಿಯ ಸೀಟು, ಅದು ಬಸ್ಸೇ ಆಗಲಿ, ಮೊದಲು ಹಿಡಿಯಿರಿ. ಹೋಗೋ ದಾರಿ ಹೇಗಾದರೂ ಸಿಗುತ್ತೆ. ಸೋಮವಾರ 9 ಗಂಟೆಯ ಮೀಟಿಂಗ್ ಮಾತ್ರ ಕಾಯಲ್ಲ.

ರೈಲು ಸಿಗಲಿಲ್ಲವೇ? ಹುಬ್ಬಳ್ಳಿಗೆ ಬನ್ನಿ, ಅಲ್ಲಿಗೆ ರೈಲು-ಬಸ್ಸು ಜಾಸ್ತಿ. ಅಲ್ಲಿಂದ ಬಾದಾಮಿಯ ನೇರ ಬಸ್ಸಿಗೇ ಕಾಯಬೇಕಿಲ್ಲ. ಬಾಗಲಕೋಟೆ, ವಿಜಯಪುರದ ಬಸ್ ಹತ್ತಿ ಕುಳಗೇರಿ ಕ್ರಾಸ್‌ನಲ್ಲಿ ಇಳಿದು, ಬಾದಾಮಿ ಬಸ್ ಹಿಡಿಯಬಹುದು.

ಶುಕ್ರವಾರ: ಊರೊಳಗೇ ಇರಿ

ರೈಲು ನಿಲ್ದಾಣ ಊರಿಂದ ಸುಮಾರು 5 ಕಿ.ಮೀ. ಹೊರಗಿದೆ. ಹೊರಗೆ ಆಟೊ, ಟಂಟಂ ನಿಂತಿರ್ತಾವೆ, ದರ ಕೇಳಿಯೇ ಹತ್ತಿ. ಬಸ್ ಸ್ಟ್ಯಾಂಡ್ ಹತ್ತಿರವೇ ರೂಮು ಮಾಡಿ. ಮುಂದಿನ ಎರಡು ದಿನ ನಿಮ್ಮ ಗ್ಯಾರೇಜ್ ಅದೇ.

ಮಧ್ಯಾಹ್ನದ ಬಿಸಿಲಲ್ಲಿ ಕಲ್ಲು ಕಾದಿರುತ್ತೆ, ಮಲಗಿಬಿಡಿ. ಮೂರೂವರೆ ಹೊತ್ತಿಗೆ ಗುಹೆ ಹತ್ತಿ. ಮೊದಲ ಗುಹೆಯಲ್ಲಿ 18 ಕೈಗಳ ನಟರಾಜ, ಮೂರನೆಯದರಲ್ಲಿ ಮಂಗಳೇಶ ಕೆತ್ತಿಸಿದ, ಕ್ರಿ.ಶ. 578ರ ಶಾಸನ. ಕೈಯಲ್ಲಿ ತಿಂಡಿ ಪೊಟ್ಟಣ ಬೇಡ, ಮಂಗಗಳು ಕೇಳಿ ಇಸಕೊಳ್ಳೋದಿಲ್ಲ. ಇಳಿದು ಅಗಸ್ತ್ಯ ತೀರ್ಥದ ದಂಡೆ ಹಿಡಿದು ಭೂತನಾಥ ಗುಡಿಗೆ ನಡೆಯಿರಿ. ಸೂರ್ಯ ಮುಳುಗೋ ಹೊತ್ತಿಗೆ ಆ ಕೆಂಪು ಬಂಡೆ ಇನ್ನಷ್ಟು ಕೆಂಪಾಗುತ್ತೆ. ಕೆರೆ ದಂಡೆಯ ಮ್ಯೂಸಿಯಂಗೆ ಶುಕ್ರವಾರ ರಜೆ, ಅದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.

ಶನಿವಾರ: ದೂರದ್ದು ಮೊದಲು

ಕಾರಿದ್ದವರು ಪಟ್ಟದಕಲ್ಲು ನೋಡಿ ಐಹೊಳೆಗೆ ಹೋಗ್ತಾರೆ. ಬಸ್ಸಿನವರು ತಿರುಗಾಮುರುಗಾ ಮಾಡಬೇಕು. ಐಹೊಳೆ ಸುಮಾರು 35 ಕಿ.ಮೀ., ಬಸ್ಸು ಕಡಿಮೆ. ಪಟ್ಟದಕಲ್ಲು 22 ಕಿ.ಮೀ., ಬಸ್ಸು ಜಾಸ್ತಿ. ಬೆಳಿಗ್ಗೆ ಮೊದಲ ಬಸ್ಸಿಗೆ ಐಹೊಳೆ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆಗೆ ಬಾದಾಮಿ. ಹೊತ್ತು ಇಳಿದಂತೆ ನೀವು ರೂಮಿಗೆ ಹತ್ತಿರ ಆಗ್ತಾ ಇರಬೇಕು, ದೂರ ಅಲ್ಲ.

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ, ಎಲ್ಲ ನೋಡೋ ಹಟ ಬೇಡ. ದುರ್ಗ ಗುಡಿ, ಲಾಡಖಾನ್, ಗುಡ್ಡದ ಮೇಲಿನ ಮೇಗುತಿ ಸಾಕು. ಮೇಗುತಿಯಲ್ಲಿ 634ರ ರವಿಕೀರ್ತಿಯ ಶಾಸನ ಇದೆ, ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದು ಅದರಲ್ಲೇ ಇದೆ.

ಐಹೊಳೆ-ಪಟ್ಟದಕಲ್ಲಿನ ನಡುವೆ ಬಸ್ ಸಿಗದಿದ್ದರೆ ಆಟೊ ಮಾಡಿ. ಇಡೀ ದಿನದ ಟ್ಯಾಕ್ಸಿಗೆ ಕೊಡೋ ದುಡ್ಡನ್ನು ಅದೊಂದು ತುಣುಕಿಗೆ ಮಾತ್ರ ಖರ್ಚು ಮಾಡಿ. ಪಟ್ಟದಕಲ್ಲಿನಲ್ಲಿ ಹೆಚ್ಚಿನ ಗುಡಿಗಳು ಒಂದೇ ಆವರಣದಲ್ಲಿ, ಸಮತಟ್ಟು ಜಾಗದಲ್ಲಿವೆ. 1987ರಿಂದ ವಿಶ್ವ ಪರಂಪರೆಯ ತಾಣ. ಗಂಡ ಕಂಚಿ ಗೆದ್ದ ನೆನಪಿಗೆ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ, ಪಕ್ಕದಲ್ಲೇ ಆಕೆಯ ತಂಗಿ, ಸವತಿಯೂ ಆದ ತ್ರೈಲೋಕ್ಯಮಹಾದೇವಿ ಕಟ್ಟಿಸಿದ ಮಲ್ಲಿಕಾರ್ಜುನ. ಅಕ್ಕ-ತಂಗಿಯರ ಮನಸ್ಸಲ್ಲಿ ಏನಿತ್ತೋ, ಕೂತು ಯೋಚಿಸಿ. ಇಲ್ಲಿ ಹಾರ್ನ್ ಹೊಡೆದು ಕರೆಯೋ ಡ್ರೈವರ್ ಇಲ್ಲ.

ಈ ಮಾತು ನನಗೆ ಕಲಿಸಿದ್ದು ನಮ್ಮವ್ವ. ಬನಶಂಕರಿ ಜಾತ್ರೆಗೆ ವರ್ಷಾ ಬಂದಾಕಿ, ಬಾದಾಮಿ ಗುಹೆ ಮಾತ್ರ ಹತ್ತಿರಲಿಲ್ಲ. ಪ್ರತಿ ಸಲ ಯಾರದೋ ಗಾಡಿ, ಯಾರದೋ ಅವಸರ. ಹೋದ ವರ್ಷ ನಾವಿಬ್ಬರೇ ಬಸ್ಸಲ್ಲಿ ಬಂದ್ವಿ. ಮೊಣಕಾಲು ನೋವು ಅಂತ ಮೊದಲ ಗುಹೆಗೇ ನಿಂತಳು, ನಟರಾಜನ ಕೈಗಳನ್ನು ಒಂದೊಂದಾಗಿ ಎಣಿಸಿದಳು. ‘ಸಾಕ ನೋಡವಾ, ಇದೊಂದನ್ನ ಛಲೋ ನೋಡೀನಿ’ ಅಂದಳು. ಉಳಿದ ಮೂರು ನನಗೂ ಬೇಕೆನಿಸಲಿಲ್ಲ.

ಭಾನುವಾರ: ಎರಡರಲ್ಲಿ ಒಂದು

ಹಿರಿಯರು ಜೊತೆಗಿದ್ದರೆ ಬನಶಂಕರಿ. 5 ಕಿ.ಮೀ., ಬಸ್ಸು-ಆಟೊ ಎರಡೂ ಇವೆ. ದರ್ಶನ ಮುಗಿಸಿ ಹೊಂಡದ ಹತ್ತಿರ ಬುಟ್ಟಿ ಹೊತ್ತು ಬರುವ ಹೆಣ್ಮಕ್ಕಳ ಕೈಯಿಂದ ಖಡಕ್ ರೊಟ್ಟಿ, ಪುಂಡಿಪಲ್ಯ, ಮೊಸರು ಹಾಕಿಸಿಕೊಳ್ಳಿ. ಬನದ ಹುಣ್ಣಿಮೆಯ ಜಾತ್ರೆ ದಿನಗಳಲ್ಲಾದರೆ ರೂಮು ಸಿಗೋದು ಕಷ್ಟ. ಆದರೆ ನಾಟಕ ಕಂಪನಿಗಳು ಬಂದಿರ್ತಾವೆ.

ಗೆಳೆಯರ ಗುಂಪಾದರೆ ಇಳಕಲ್. ನೇರ ಬಸ್ ಇಲ್ಲದಿದ್ದರೆ ಅಮೀನಗಡದಲ್ಲಿ ಬದಲಿಸಿ, ಹೇಗೂ ಅಲ್ಲಿ ಕರದಂಟು ಕಟ್ಟಿಸಿಕೊಳ್ಳೋದಿದೆ. ಹುನಗುಂದ ದಾಟಿದರೆ ಇಳಕಲ್. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸೋದನ್ನು ಮಗ್ಗದ ಮುಂದೆ ನಿಂತು ನೋಡಿದ ಮೇಲೆ ಬೆಲೆ ಚೌಕಾಶಿಗೆ ಬಾಯಿ ಬರೋದಿಲ್ಲ. ವಿಜಯಪುರ-ಬೆಂಗಳೂರು ರಾತ್ರಿ ಬಸ್ಸುಗಳು ಈ ಊರಿನ ಮೇಲೇ ಹಾದು ಹೋಗ್ತಾವೆ. ಬಾದಾಮಿಗೆ ಮತ್ತೆ ತಿರುಗಿ ಬರಬೇಕಿಲ್ಲ.

ಬಸ್ ಸ್ಟ್ಯಾಂಡಿನ ಭಾಷೆ

ನಮ್ಮ ಕಡೆ ಬಸ್ ಎಷ್ಟೊತ್ತಿಗೆ ಅಂತ ಕೇಳಿದರೆ ‘ಈಗ ಬರ್ತೈತ್ರಿ’ ಅಂತಾರೆ. ಆ ‘ಈಗ’ ಅಂದರೆ ಐದು ನಿಮಿಷವೂ ಹೌದು, ಒಂದು ತಾಸೂ ಹೌದು. ಹಾಗಾಗಿ ಇಳಿದ ಕೂಡಲೇ ಕಂಡಕ್ಟರ್‌ಗೆ ಒಂದೇ ಪ್ರಶ್ನೆ ಕೇಳಿ: ‘ಅಣ್ಣಾರ, ತಿರುಗಿ ಹೋಗಾಕ ಕಡೀ ಬಸ್ಸ ಎಷ್ಟಕ್ಕ ಐತ್ರಿ?’ ಇದಕ್ಕೆ ಮಾತ್ರ ಸರಿಯಾದ ಉತ್ತರ ಬರುತ್ತೆ, ಯಾಕಂದರೆ ಊರವರೂ ಅದನ್ನೇ ನಂಬಿ ಬದುಕೋದು. ಅವರು ಹೇಳಿದ್ದಕ್ಕಿಂತ ಒಂದು ಬಸ್ ಮೊದಲೇ ಹೊರಡಿ.

ಹೆಣ್ಮಕ್ಕಳೇ, ಆಧಾರ್ ಕಾರ್ಡ್ ಕೈಯಲ್ಲಿರಲಿ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಶೂನ್ಯ ಟಿಕೆಟ್. ಸ್ಲೀಪರ್, ಎಸಿ, ರಾಜಹಂಸಕ್ಕೆ ಇಲ್ಲ. ರಜೆ ದಿನ ರಶ್ ಇರುತ್ತೆ, ಬೆಳಿಗ್ಗೆ ಬೇಗ ಹೊರಟರೆ ಸೀಟು ಸಿಗುತ್ತೆ.

ಕಾರಿಲ್ಲ ಅಂತ ಮುಂದೂಡಿದ ಪ್ರವಾಸಗಳಲ್ಲಿ ನಮ್ಮ ವಯಸ್ಸಿಗೆ ನಷ್ಟ ಕಡಿಮೆ. ಮನೆಯಲ್ಲಿರೋ ಹಿರಿಯರ ಮೊಣಕಾಲು ಮಾತ್ರ ನಮ್ಮ ಕಾರ್ ಲೋನ್ ಮಂಜೂರಾಗೋವರೆಗೆ ಕಾಯೋದಿಲ್ಲ. ಮುಂದಿನ ಲಾಂಗ್ ವೀಕೆಂಡ್ ಯಾವಾಗ ಅಂತ ಇವತ್ತು ಮನೆಗೆ ಫೋನ್ ಮಾಡುವಾಗ ಹೇಳಿಬಿಡಿ. ಬ್ಯಾಗ್ ಅವರೇ ಕಟ್ಟಿಟ್ಟಿರ್ತಾರೆ.