ಆರೂವರೆಗೆ ಶುರುವಾದರೆ ನಾವು ಬರುವುದು ಹೇಗೆ?

ಟೇಕಲ್‌ನಿಂದ ದಿನವೂ ರೈಲಿನಲ್ಲಿ ಬೆಂಗಳೂರಿನ ಕಾಲೇಜಿಗೆ ಹೋಗಿಬರುವ ಬಿಇ ವಿದ್ಯಾರ್ಥಿನಿ ನಾನು. ಕಳೆದ ಸೆಮಿಸ್ಟರ್‌ನಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿನಿಯರನ್ನು ಕರೆಸಿ ‘ನೆಟ್‌ವರ್ಕಿಂಗ್ ಸಂಜೆ’ ಮಾಡಿದರು. ಹುಡುಗಿಯರಿಗೆಂದೇ. ಶುರುವಾಗುವುದು ಆರೂವರೆಗೆ, ಆಮೇಲೆ ಊಟ. ಅಷ್ಟು ಹೊತ್ತಿಗೆ ನನ್ನ ರೈಲು ಮಾಲೂರು ದಾಟಿತ್ತು. ಹಾಸ್ಟೆಲ್‌ನ ಗೆಳತಿಗೆ ಅಲ್ಲಿ ಪರಿಚಯವಾದ ಅಕ್ಕನಿಂದಲೇ ಇಂಟರ್ನ್‌ಶಿಪ್ ಸಿಕ್ಕಿತು. ಹೊಟ್ಟೆಕಿಚ್ಚಿಲ್ಲ. ಸರಿ, ಸ್ವಲ್ಪ ಇದೆ.

‘ಹುಡುಗಿಯರಿಗೆ ಬೇರೆ ಕೂಟ ಯಾಕೆ?’ ಎಂದು ಕ್ಲಾಸಿನ ಹುಡುಗರು ಕೇಳುತ್ತಾರೆ. ಅವರಿಗೆ ಟೀ ಅಂಗಡಿಯಿದೆ, ಸೀನಿಯರ್‌ಗಳ ರೂಮಿದೆ. ಯಾವ ಕಂಪನಿ ಇಂಟರ್‌ವ್ಯೂನಲ್ಲಿ ಏನು ಕೇಳುತ್ತದೆ ಎಂಬುದು ರಾತ್ರಿ ಹತ್ತಕ್ಕೂ ಅಲ್ಲಿ ಗೊತ್ತಾಗುತ್ತದೆ. ನಮಗೆ ಅಂಥ ಜಾಗವಿಲ್ಲ. ಅಮೆರಿಕದ ಮಹಿಳಾ ಇಂಜಿನಿಯರ್‌ಗಳು 1950ರಲ್ಲೇ ತಮ್ಮದೊಂದು ಸೊಸೈಟಿ ಕಟ್ಟಿಕೊಂಡರು. ಐಇಇಇಯ ‘ವಿಮೆನ್ ಇನ್ ಇಂಜಿನಿಯರಿಂಗ್’ ಘಟಕಗಳು ನಮ್ಮ ಕಾಲೇಜುಗಳಲ್ಲೂ ಇವೆ. ಕೂಟ ಬೇಕು, ಆದರೆ ಹೊತ್ತು ನೋಡಿ ಇಡಬೇಕು.

ಮನೆಯಲ್ಲಿ ಅನುಮತಿ ಕೇಳಿದಾಗ ಅಪ್ಪ, ‘ನೆಟ್‌ವರ್ಕ್ ಅಂದ್ರೆ ಟವರ್ ಕೆಲಸವೇನಮ್ಮಾ?’ ಎಂದರು. ವಿವರಿಸಿದೆ. ‘ಒಳ್ಳೇದೇ, ಆದ್ರೆ ರಾತ್ರಿ ಸ್ಟೇಷನ್‌ನಿಂದ ಹೆಂಗೆ ಬರ್ತೀಯ?’ ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅದೇ ಕೂಟ ಮಧ್ಯಾಹ್ನ ಊಟದ ಬಿಡುವಿನಲ್ಲಿ ನಡೆದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಬಫೆ ಬೇಡ, ಡಬ್ಬಿ ನಾವೇ ತರುತ್ತೇವೆ.

ಮೊನ್ನೆ ವೈಟ್‌ಫೀಲ್ಡ್‌ನಲ್ಲಿ ಹತ್ತಿದ ಬಂಗಾರಪೇಟೆಯ ಸಾಫ್ಟ್‌ವೇರ್ ಅಕ್ಕ ಒಬ್ಬರು ಮಹಿಳಾ ಬೋಗಿಯಲ್ಲಿ ನನ್ನ ಪಕ್ಕ ಕುಳಿತರು. ಮೊಬೈಲ್‌ನಲ್ಲೇ ನನ್ನ ರೆಸ್ಯೂಮೆ ಓದಿ, ‘ಈ ಎರಡು ಸಾಲು ತೆಗಿ, ಪ್ರಾಜೆಕ್ಟ್ ಮೇಲೆ ಹಾಕು’ ಎಂದರು. ಟೇಕಲ್ ಬರುವಷ್ಟರಲ್ಲಿ ನಂಬರನ್ನೂ ಕೊಟ್ಟಿದ್ದರು.